ಎರಡು ಎಂಜಿನ್, ಒಂದು ಅಮಾನತ್
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಉರ್ದು, ಕನ್ನಡ ಕಲಿಸುವವರಿಗೆ ವಿಮಾನದ ಗೊಡವೆ ಏಕೆ ಎಂದು ನೀವು ಕೇಳಬಹುದು. ಚಾಮರಾಜಪೇಟೆಯ ನಮ್ಮ ಬೀದಿಗಳಲ್ಲಿ ದುಬೈ, ಮಸ್ಕತ್, ರಿಯಾದ್‌ನಲ್ಲಿ ದುಡಿಯುವ ಮಗನೋ ಅಳಿಯನೋ ಇರುವ ಮನೆಗಳು ಎಷ್ಟಿಲ್ಲ! ಹಜ್‌ಗೆ, ಉಮ್ರಾಕ್ಕೆ ಹೊರಡುವ ಹಿರಿಯರೂ ಅದೇ ದಿಕ್ಕಿನಲ್ಲಿ ಹಾರುತ್ತಾರೆ. ಅವರು ಹತ್ತುವ ಬಹುಪಾಲು ವಿಮಾನಗಳಿಗೆ ಇರುವುದು ಎರಡೇ ಎಂಜಿನ್. ಕೆಳಗೆ ಅರಬ್ಬಿ ಸಮುದ್ರ. ಒಂದು ಎಂಜಿನ್ ಕೆಟ್ಟರೆ ಗತಿಯೇನು?

ಮೊದಲು ಸಮಾಧಾನದ ಮಾತು ಹೇಳುತ್ತೇನೆ. ಎರಡು ಎಂಜಿನ್‌ಗಳ ಪ್ರಯಾಣಿಕ ವಿಮಾನ ಒಂದೇ ಎಂಜಿನ್‌ನಿಂದಲೂ ಹಾರಬಲ್ಲದು. ವೇಗ ತಗ್ಗುತ್ತದೆ, ಎತ್ತರ ಇಳಿಯುತ್ತದೆ, ಆದರೆ ಬೀಳುವುದಿಲ್ಲ. ಹಾಗೆ ಎಷ್ಟು ಹೊತ್ತು ಹಾರಲು ಬಿಡಬಹುದು ಎಂಬುದೇ ಪ್ರಶ್ನೆ. 1953ರಲ್ಲಿ ಅಮೆರಿಕ ಇದಕ್ಕೆ ಒಂದು ಮಿತಿ ಹಾಕಿತು: ಎರಡು ಎಂಜಿನ್‌ಗಳ ವಿಮಾನ ದಾರಿಯ ಯಾವ ಹಂತದಲ್ಲೂ ಇಳಿಯಬಹುದಾದ ನಿಲ್ದಾಣದಿಂದ 60 ನಿಮಿಷಕ್ಕಿಂತ ದೂರ ಹೋಗಕೂಡದು, ಅದೂ ಒಂದೇ ಎಂಜಿನ್‌ನ ವೇಗದ ಲೆಕ್ಕದಲ್ಲಿ. ಆಗಿನ ಪಿಸ್ಟನ್ ಎಂಜಿನ್‌ಗಳು ಪದೇ ಪದೇ ಕೆಡುತ್ತಿದ್ದವು.

ಈ ಮಿತಿಯ ಅರ್ಥ ತಿಳಿಯಲು ನಿಮ್ಮ ಅಟ್ಲಾಸ್ ತೆರೆಯಿರಿ. ಮಂಗಳೂರಿನಿಂದ ಓಮಾನ್‌ನ ಸಲಾಲಾ ಪಟ್ಟಣಕ್ಕೆ ಒಂದು ಗೆರೆ ಎಳೆಯಿರಿ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ನೀರು. ನಟ್ಟನಡುವೆ ನಿಂತರೆ ಯಾವ ದಡವೂ 800 ಕಿಲೋಮೀಟರಿಗಿಂತ ಹತ್ತಿರವಿಲ್ಲ. ಇಂದಿನ ಜೆಟ್ ವಿಮಾನ ಕೂಡ ಒಂದೇ ಎಂಜಿನ್‌ನಲ್ಲಿ ಒಂದು ಗಂಟೆಗೆ ಹಾರುವುದು ಸುಮಾರು 750 ಕಿಲೋಮೀಟರ್. ಅಂದರೆ 60 ನಿಮಿಷದ ಮಿತಿಯಲ್ಲಿ ಈ ನೇರ ದಾರಿ ನಿಷಿದ್ಧ. ಉತ್ತರಕ್ಕೆ ಬಳಸಿಕೊಂಡು ಹೋಗಬೇಕು. ಮಿತಿಯನ್ನು 120 ನಿಮಿಷಕ್ಕೆ ಏರಿಸಿದರೆ ಅದೇ ದಾರಿ ತೆರೆದುಕೊಳ್ಳುತ್ತದೆ.

ಏರಿಸಿದ್ದು ಹೇಗೆ? ಜೆಟ್ ಎಂಜಿನ್‌ಗಳು ಸುಧಾರಿಸಿದ ಮೇಲೆ, 1985ರ ಫೆಬ್ರವರಿಯಲ್ಲಿ ಟಿಡಬ್ಲ್ಯುಎ ಸಂಸ್ಥೆಯ ಬೋಯಿಂಗ್ 767 ವಿಮಾನ ವಿಶೇಷ ಅನುಮತಿಯೊಂದಿಗೆ ಬಾಸ್ಟನ್‌ನಿಂದ ಅಟ್ಲಾಂಟಿಕ್ ದಾಟಿ ಪ್ಯಾರಿಸ್‌ಗೆ ಹೋಯಿತು. ಅದೇ ವರ್ಷ 120 ನಿಮಿಷದ ನಿಯಮ ಬಂತು, 1988ರಲ್ಲಿ 180 ನಿಮಿಷದ್ದು. 2011ರಲ್ಲಿ ಬೋಯಿಂಗ್ 777ಕ್ಕೆ 330 ನಿಮಿಷ, 2014ರಲ್ಲಿ ಏರ್‌ಬಸ್ ಎ350ಗೆ 370 ನಿಮಿಷ ಸಿಕ್ಕಿತು. ಈ ಅನುಮತಿಗೆ ಇಟಾಪ್ಸ್ ಎಂದು ಹೆಸರು.

ವಿದ್ಯಾರ್ಥಿಗಳೇ, ಇಲ್ಲಿ ಗಮನಿಸಿ. ಇದರಲ್ಲಿ ಪರೀಕ್ಷೆ ಒಂದಲ್ಲ, ಎರಡು. ಮೊದಲನೆಯದು ವಿಮಾನ ಮತ್ತು ಎಂಜಿನ್‌ಗೆ. 180 ನಿಮಿಷದ ಅನುಮತಿ ಬೇಕಾದರೆ, ಆ ಜಾತಿಯ ಎಂಜಿನ್‌ಗಳು ಹಾರಾಟದಲ್ಲಿ ನಿಂತುಹೋಗುವ ಪ್ರಮಾಣ ಸರಾಸರಿ 50,000 ಗಂಟೆಗೆ ಒಂದು ಸಲವನ್ನು ಮೀರಬಾರದು. ಹಗಲೂ ರಾತ್ರಿ ಬಿಡದೆ ಓಡಿದರೂ ಅಷ್ಟು ಗಂಟೆ ಆಗಲು ಐದೂವರೆ ವರ್ಷಕ್ಕೂ ಹೆಚ್ಚು ಬೇಕು! ಎರಡನೆಯ ಪರೀಕ್ಷೆ ವಿಮಾನ ಓಡಿಸುವ ಸಂಸ್ಥೆಗೆ. ಅದರ ಮೆಕ್ಯಾನಿಕ್‌ಗಳು ಹೇಗೆ ಕೆಲಸ ಮಾಡುತ್ತಾರೆ, ಪೈಲಟ್‌ಗಳಿಗೆ ತರಬೇತಿ ಇದೆಯೇ, ತುರ್ತಾಗಿ ಇಳಿಯುವ ನಿಲ್ದಾಣದ ಹವಾಮಾನ ನೋಡಿದ್ದಾರೆಯೇ, ಅಲ್ಲಿಯವರೆಗೆ ಸಾಲುವಷ್ಟು ಇಂಧನ ಇದೆಯೇ, ಎಲ್ಲವನ್ನೂ ನೋಡುತ್ತಾರೆ. ಒಳ್ಳೆಯ ವಿಮಾನ ಕೊಂಡ ಮಾತ್ರಕ್ಕೆ ಅನುಮತಿ ಸಿಗುವುದಿಲ್ಲ.

ಮೆಕ್ಯಾನಿಕ್‌ನ ಕೈಗೆ ಇಷ್ಟು ಮಹತ್ವ ಏಕೆ? ಒಂದು ನಿಜ ಘಟನೆ ಕೇಳಿ. 1983ರ ಮೇ 5ರಂದು ಈಸ್ಟರ್ನ್ ಏರ್‌ಲೈನ್ಸ್ ವಿಮಾನವೊಂದು 172 ಜನರನ್ನು ಹೊತ್ತು ಮಯಾಮಿಯಿಂದ ನಸ್ಸಾವ್‌ಗೆ ಹೊರಟಿತು. ಅದಕ್ಕೆ ಎರಡಲ್ಲ, ಮೂರು ಎಂಜಿನ್. ಸಮುದ್ರದ ಮೇಲೆ ಒಂದು ಎಂಜಿನ್‌ನ ಎಣ್ಣೆ ಒತ್ತಡ ಇಳಿಯಿತು, ಪೈಲಟ್‌ಗಳು ಅದನ್ನು ನಿಲ್ಲಿಸಿ ಹಿಂದಿರುಗಿದರು. ಅಷ್ಟರಲ್ಲಿ ಉಳಿದೆರಡೂ ನಿಂತುಹೋದವು. ಕೊನೆಗೆ ಮೊದಲು ನಿಲ್ಲಿಸಿದ್ದ ಎಂಜಿನ್ ಮತ್ತೆ ಚಾಲೂ ಆಗಿ ಎಲ್ಲರೂ ಉಳಿದರು. ಕಾರಣ ಏನು ಗೊತ್ತೇ? ಹಿಂದಿನ ರಾತ್ರಿ ಎಣ್ಣೆ ತಪಾಸಣೆಯ ಒಂದು ಭಾಗವನ್ನು ಬದಲಿಸುವಾಗ ಸೋರದಂತೆ ತಡೆಯುವ ರಬ್ಬರ್ ಉಂಗುರಗಳನ್ನು ಹಾಕಿರಲಿಲ್ಲ. ನಮ್ಮ ಮನೆಯ ಕುಕ್ಕರಿಗೆ ಗ್ಯಾಸ್ಕೆಟ್ ಇದ್ದ ಹಾಗೆ ಅದು. ಮೂರೂ ಎಂಜಿನ್‌ಗಳಲ್ಲಿ ಅದೇ ಲೋಪ.

ಹಾಗಾದರೆ ಎಂಜಿನ್‌ಗಳ ಸಂಖ್ಯೆ ಹೆಚ್ಚಿದ್ದರೆ ಸಾಲದು. ಒಂದರ ತಪ್ಪು ಇನ್ನೊಂದಕ್ಕೆ ಅಂಟಬಾರದು. ಇಬ್ಬರು ಹುಡುಗರು ಲೆಕ್ಕವನ್ನು ಬೇರೆ ಬೇರೆಯಾಗಿ ಮಾಡಿ ಒಂದೇ ಉತ್ತರ ತಂದರೆ ಧೈರ್ಯವಾಗಿ ನಂಬಬಹುದು. ಒಬ್ಬನ ನೋಟ್‌ಬುಕ್ ನೋಡಿ ಇನ್ನೊಬ್ಬ ಬರೆದಿದ್ದರೆ ಇಬ್ಬರಿದ್ದೂ ಒಬ್ಬನಿದ್ದಂತೆಯೇ. ಅದಕ್ಕೇ ಇಟಾಪ್ಸ್ ನಿಯಮದಲ್ಲಿ, ಒಂದೇ ತಪಾಸಣೆಯ ಹೊತ್ತಿನಲ್ಲಿ ಒಬ್ಬನೇ ಮೆಕ್ಯಾನಿಕ್ ಎರಡೂ ಎಂಜಿನ್‌ಗಳ ಅದೇ ಭಾಗಕ್ಕೆ ಕೈ ಹಾಕುವಂತಿಲ್ಲ. ಅನಿವಾರ್ಯವಾದರೆ ಬೇರೊಬ್ಬರು ಬಂದು ನೋಡಬೇಕು. ಇದರಲ್ಲಿ ಅವಮಾನವೇನೂ ಇಲ್ಲ. ಮನುಷ್ಯ ತಪ್ಪುತ್ತಾನೆ ಎಂದು ಒಪ್ಪಿಕೊಂಡು ಮಾಡಿದ ನಿಯಮ ಅದು.

ಈಗ ನನ್ನ ಭಾಷೆಗೆ ಬರುತ್ತೇನೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದೇ ಪದ ಕನ್ನಡದ ಕಚೇರಿಗೆ ಬಂದು, ನೌಕರನನ್ನು ಅಮಾನತು ಮಾಡಿದರು ಎನ್ನುವಾಗ ಕೆಲಸದಿಂದ ತಡೆಹಿಡಿಯುವುದು ಎಂದಾಗಿದೆ. ಇಟಾಪ್ಸ್ ಅನುಮತಿಗೆ ಎರಡು ಅರ್ಥವೂ ಹೊಂದುತ್ತದೆ. ನೂರಾರು ಜೀವಗಳನ್ನು ನಂಬಿ ಒಪ್ಪಿಸಿದ ಅಮಾನತ್ ಅದು. ಎಂಜಿನ್ ನಿಂತ ಪ್ರತಿಯೊಂದು ಪ್ರಸಂಗವೂ ದಾಖಲಾಗುತ್ತದೆ. ದಾಖಲೆ ಕೆಟ್ಟರೆ ನಿಮಿಷಗಳನ್ನು ಕಡಿತ ಮಾಡಬಹುದು, ಅನುಮತಿಯನ್ನೇ ಅಮಾನತಿನಲ್ಲಿಡಬಹುದು. ಒಮ್ಮೆ ಪಾಸಾದರೆ ಮುಗಿಯುವ ಪರೀಕ್ಷೆ ಅಲ್ಲ.

ಈ ನಂಬಿಕೆಯ ಫಲವನ್ನು ನಮ್ಮ ಊರೇ ಕಂಡಿದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಉತ್ತರ ಧ್ರುವದ ಮೇಲೆ ಹಾದು, ಸುಮಾರು 17 ಗಂಟೆಗಳ ನಂತರ 2021ರ ಜನವರಿ 11ರಂದು ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಎಂಜಿನ್ ಎರಡೇ. ಕೆಳಗೆ ಹೆಪ್ಪುಗಟ್ಟಿದ ಸಮುದ್ರ. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್, ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್, ನಾಲ್ವರೂ ಮಹಿಳೆಯರು. ನಮ್ಮ ಹೆಣ್ಣುಮಕ್ಕಳು ಈ ಹೆಸರುಗಳನ್ನು ನೆನಪಿಡಲಿ.

ಆದರೆ ಪತ್ರಿಕೆಯಲ್ಲಿ ಫೋಟೋ ಬಾರದ ಕೈಗಳನ್ನೂ ನೆನೆಯಿರಿ. ಹೊರಡುವ ಮುನ್ನ ಎಂಜಿನ್ ನೋಡಿ ಸಹಿ ಹಾಕಿದವರು ಅವರು. 1940ರಲ್ಲೇ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರುವಾದ ಊರು ನಮ್ಮದು. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ, ಗ್ಯಾರೇಜುಗಳಲ್ಲಿ ಯಂತ್ರದ ಸದ್ದು ಕೇಳಿಯೇ ರೋಗ ಹೇಳುವ ನಮ್ಮ ಹುಡುಗರಿದ್ದಾರೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ವಿಮಾನ ನಿರ್ವಹಣೆಯ ತರಬೇತಿಗೆ ಸೇರಿ, ಡಿಜಿಸಿಎ ನಡೆಸುವ ಲೈಸೆನ್ಸ್ ಪರೀಕ್ಷೆ ಬರೆಯಬಹುದು. ಪೋಷಕರೇ, ಎಣ್ಣೆ ಮೆತ್ತಿದ ಕೈಯ ಕೆಲಸವೆಂದು ಅದನ್ನು ಕೀಳಾಗಿ ಕಾಣಬೇಡಿ.

ವಿದ್ಯಾರ್ಥಿಗಳೇ, ನೀವು ಮುಂದೆ ಡಾಕ್ಟರಾಗಿ, ಗುಮಾಸ್ತರಾಗಿ, ಮೆಕ್ಯಾನಿಕ್ ಆಗಿ, ಏನೇ ಆಗಿ, ಒಂದಲ್ಲ ಒಂದು ದಿನ ಒಂದು ಕಾಗದದ ಮೇಲೆ ಸಹಿ ಹಾಕುತ್ತೀರಿ. ನಿಮ್ಮ ಮುಖವನ್ನೇ ನೋಡದ ಯಾರೋ ಆ ಸಹಿಯನ್ನು ನಂಬಿ ಸಮುದ್ರ ದಾಟುತ್ತಾರೆ. ನೋಡದೆ ಸಹಿ ಹಾಕಬೇಡಿ. ನಿಮ್ಮ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸಿದರೆ ಮುನಿಸಿಕೊಳ್ಳಬೇಡಿ.