ಪಾತಿ ದೋಣಿಯಲ್ಲಿ ಒಂದು ಬೆಳಗು

(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದ್ದರು. ಅದರ ಮೇಲೆ ನನಗಿಂತ ಮೊದಲೇ ಮೂವರು ಮಾತನಾಡಿದ್ದಾರೆ. ಆದ್ದರಿಂದ ಕಳೆದ ನವೆಂಬರಿನಲ್ಲಿ ನಾನು ಮೊದಲ ಬಾರಿಗೆ ಮೀನು ಹಿಡಿಯಲು ಸಮುದ್ರಕ್ಕೆ ಹೋದ ಸಂಗತಿ ಹೇಳುತ್ತೇನೆ. ಕೊನೆಗೆ ಸಂಸ್ಥೆಯ ವಿಷಯಕ್ಕೇ ಬರುತ್ತೇನೆ.

ಹತ್ತನೇ ತರಗತಿಯ ಹುಡುಗನೊಬ್ಬ ನಮ್ಮ ಬೆಳಗಿನ ಕೋಚಿಂಗ್ ತರಗತಿಗೆ ಬರುತ್ತಿರಲಿಲ್ಲ. ಎರಡು ಸಲ ಎಚ್ಚರಿಸಿದೆ. ಮೂರನೆಯ ಸಲ ಹೆಸರು ಹೊಡೆದುಹಾಕಿದೆ. ಮರುದಿನ ಅವನ ತಂದೆ ಶಾಲೆಗೆ ಬಂದರು. ಜಗಳವಾಡುತ್ತಾರೆಂದು ಅಂದುಕೊಂಡಿದ್ದೆ. ಅವರು ಹೇಳಿದ್ದು ಇಷ್ಟೇ: "ಮಾಸ್ತರರೇ, ಒಂದು ಭಾನುವಾರ ನಮ್ಮ ಜೊತೆ ಬನ್ನಿ. ಆಮೇಲೆ ನಿಮ್ಮ ಮನಸ್ಸಿಗೆ ಬಂದಂತೆ ಮಾಡಿ."

ನಾನು ಧಾರವಾಡದ ಕಡೆಯವನು. ಈಜು ಕಲಿತದ್ದು ಕೆರೆಯಲ್ಲಿ. ಮುರ್ಡೇಶ್ವರದ ಹತ್ತಿರದ ಆ ದಡಕ್ಕೆ ಬೆಳಗಿನ ಐದು ಗಂಟೆಗೆ ಹೋದಾಗ ಕಂಡ ದೋಣಿ ನನ್ನ ಎರಡು ಮೊಳದಷ್ಟೂ ಅಗಲವಿರಲಿಲ್ಲ. ಒಂದು ಪಕ್ಕಕ್ಕೆ ಎರಡು ಗಳು ಕಟ್ಟಿ, ಅವುಗಳ ತುದಿಗೆ ತೇಲುವ ದಿಮ್ಮಿ ಜೋಡಿಸಿದ್ದರು. ಅದು ಮಗುಚದಂತೆ ತಡೆಯುವುದು ಆ ದಿಮ್ಮಿಯೇ. ಈಗ ಪ್ರವಾಸಿಗರು ಪ್ಲಾಸ್ಟಿಕ್ ಕಯಾಕ್ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಆ ಕಯಾಕ್ ಮೊದಲಿಗೆ ಹಿಮಪ್ರದೇಶದ ಇನ್ಯೂಟ್ ಜನರು ಸೀಲ್ ಚರ್ಮದಿಂದ ಮಾಡಿಕೊಂಡ ಬೇಟೆಯ ದೋಣಿ. ನಮ್ಮ ಪಾತಿ ಅದರ ಬಡ ನೆಂಟ ಎನ್ನಬಹುದು.

ಹುಡುಗ ನನಗೊಂದು ಲೈಫ್ ಜಾಕೆಟ್ ತೊಡಿಸಿ ದಾರ ಬಿಗಿದ. ತಂದೆ ಅಲೆಗಳನ್ನು ನೋಡುತ್ತ ನಿಂತಿದ್ದರು. ದೊಡ್ಡವು ಮೂರು ನಾಲ್ಕು ಬಂದು ಹೋದ ಮೇಲೆ ಸ್ವಲ್ಪ ಹೊತ್ತು ನೀರು ತಗ್ಗುತ್ತದೆ. ಆ ಸಂದಿನಲ್ಲಿ ದೂಡಿದರು. ಐದೇ ನಿಮಿಷದಲ್ಲಿ ನನ್ನ ಹೊಟ್ಟೆಯಲ್ಲಿದ್ದ ಚಹಾ ಸಮುದ್ರದ ಪಾಲಾಯಿತು.

ಫಜರ್ ನಮಾಜು ದೋಣಿಯಲ್ಲೇ ಆಯಿತು. ಸಮುದ್ರದ ನೀರಿನಿಂದ ವುಜೂ ಮಾಡಬಹುದೇ ಎಂದು ಪ್ರವಾದಿಯವರನ್ನು ಕೇಳಿದ, ಅವರು ಅದು ಶುದ್ಧವೆಂದ ಹದೀಸನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆ ನೀರು ಬಾಯಿಗೆ ಹಾಕಿದ್ದು ಅಂದೇ ಮೊದಲು. ಕುಳಿತೇ ನಮಾಜು ಮಾಡಿದೆವು. ನಮ್ಮ ಕರಾವಳಿಯಲ್ಲಿ ಕಿಬ್ಲಾ ಸಮುದ್ರದ ಕಡೆಗೇ ಇರುವುದರಿಂದ ದೋಣಿಯನ್ನು ತಿರುಗಿಸಬೇಕಾಗಲಿಲ್ಲ. ಬೆನ್ನ ಹಿಂದೆ ಘಟ್ಟದ ಮೇಲೆ ಬೆಳಕು ಹರಿಯಿತು.

ಆಮೇಲೆ ತಂದೆ ಮಗ ಇಬ್ಬರೂ ದಡದ ಕಡೆ ನೋಡತೊಡಗಿದರು. ಮೀನು ಹಿಡಿಯುವವರು ನೀರು ನೋಡುವುದು ಬಿಟ್ಟು ದಡ ನೋಡುವುದೇಕೆ ಎಂದು ಕೇಳಿದೆ. ದೇವಸ್ಥಾನದ ಗೋಪುರದ ನೇರಕ್ಕೆ ಹಿಂದಿನ ಒಂದು ಗುಡ್ಡದ ತಲೆ ಬರಬೇಕು. ಅದೇ ವೇಳೆಗೆ ಉತ್ತರದ ಒಂದು ತೆಂಗಿನ ತೋಟದ ಅಂಚಿಗೆ ಮತ್ತೊಂದು ಗುಡ್ಡ ಕೂಡಬೇಕು. ಎರಡೂ ಗೆರೆ ಸೇರುವ ಕಡೆ ನೀರೊಳಗೆ ಬಂಡೆಯಿದೆ, ಮೀನು ಅಲ್ಲಿ. ರೇಖಾಗಣಿತದಲ್ಲಿ ಈ ಹುಡುಗನಿಗೆ ಬಂದ ಅಂಕಗಳನ್ನು ಇಲ್ಲಿ ಹೇಳುವುದಿಲ್ಲ. ನಮ್ಮ ಗಣಿತದ ಮೇಷ್ಟ್ರು ಸಭೆಯಲ್ಲಿದ್ದಾರೆ.

ಒಬ್ಬರು ಹುಟ್ಟು ಹಿಡಿದು ದೋಣಿಯನ್ನು ಆ ಜಾಗದಲ್ಲೇ ನಿಲ್ಲಿಸಬೇಕು, ಇನ್ನೊಬ್ಬರು ಗಾಳ ಬಿಡಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಅಣ್ಣ ಗಲ್ಫಿಗೆ ಹೋದ ಮೇಲೆ ಆ ಹುಟ್ಟು ತಮ್ಮನ ಕೈಗೆ ಬಂದಿದೆ. 38 ಬಂಗುಡೆ ಸಿಕ್ಕವು. ಅದರಲ್ಲಿ ನನ್ನವು ಎರಡು. ನನ್ನ ಹೆಬ್ಬೆರಳಿಗೆ ಚುಚ್ಚಿಕೊಂಡ ಗಾಳವನ್ನೂ ಸೇರಿಸಿದರೆ ಮೂರು.

ಒಂಬತ್ತೂವರೆಗೆ "ಸಾಕು" ಎಂದರು. ಬೆಳಗ್ಗೆ ನೆಲದ ಗಾಳಿ ಹೊರಗೆ ಒಯ್ಯುತ್ತದೆ, ಬಿಸಿಲೇರಿದ ಮೇಲೆ ಕಡಲ ಗಾಳಿ ಒಳಗೆ ತರುತ್ತದೆ. ಅದು ಜೋರಾದರೆ ದಡದ ಅಲೆ ಕೆಡುತ್ತದೆ. ಅಂದು ಗಾಳಿ ಸ್ವಲ್ಪ ಬೇಗನೆ ಎದ್ದಿತು. ದಡ ನೂರು ಮಾರು ಇರುವಾಗ ಹಿಂದಿನಿಂದ ಒಂದು ಅಲೆ ಎತ್ತಿತು. ನಾನು ಹೆದರಿ ಎದ್ದು ದೋಣಿಯ ಅಂಚನ್ನು ಹಿಡಿದೆ. ದೋಣಿ ವಾಲಿ ಅರ್ಧ ನೀರು ತುಂಬಿತು. "ಸರ್, ಕೂತ್ಕೊಳ್ಳಿ!" ಎಂದು ಹುಡುಗ ಕೂಗಿದ. ತರಗತಿಯಲ್ಲಿ ಅವನ ದನಿ ನಾನು ಕೇಳಿದ್ದೇ ಕಡಿಮೆ. ದಿಮ್ಮಿಯ ಮೇಲೆ ಭಾರ ಹಾಕಿ ಅವನು ದೋಣಿಯನ್ನು ನೆಟ್ಟಗೆ ಮಾಡಿದ. ಅಲ್‌ಹಮ್ದುಲಿಲ್ಲಾಹ್, ದಡ ಸೇರಿದೆವು. ಆ ಮನೆಯಲ್ಲಿರುವುದು ಒಂದೇ ಲೈಫ್ ಜಾಕೆಟ್, ಅದು ಅವನದು ಎಂದು ತಿಳಿದದ್ದು ನಾನು ಅದನ್ನು ಬಿಚ್ಚಿ ಕೊಟ್ಟಾಗ.

ಇನ್ನು ಸಂಸ್ಥೆಯ ವಿಷಯ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿದೆ. ಪಾತಿಗೆ ಆ ಕಾನೂನಿಲ್ಲ, ಆದರೆ ಮಳೆಗಾಲದ ಕಡಲೇ ಅದನ್ನು ಬಿಡುವುದಿಲ್ಲ. ಅಂದರೆ ಕಡಲಿಗೆ ರಜೆ ಇರುವಾಗ ನಾವು ಶಾಲೆ ತೆರೆಯುತ್ತೇವೆ, ನಮಗೆ ಬೇಸಿಗೆ ರಜೆ ಇರುವಾಗ ಅವರ ದೋಣಿ ನೀರಿನಲ್ಲಿರುತ್ತದೆ. ಹೀಗಿರುವಾಗ ನಮ್ಮ ಕೋಚಿಂಗನ್ನು ಬೆಳಗಿನ ಆರೂವರೆಗೆ ಇಟ್ಟವರು ಯಾರು? ನಾನೇ. ನನಗೆ ಅನುಕೂಲವೆಂದು.

ಹೆಸರನ್ನು ಮತ್ತೆ ಬರೆದಿದ್ದೇನೆ. ಅವನಂತಹವರು ಈ ವರ್ಷ ಏಳು ಹುಡುಗರಿದ್ದಾರೆ. ಅವರಿಗೆ ಮಗ್ರಿಬ್ ನಂತರ ದಡದ ಸಮೀಪ ಒಂದು ಕೋಣೆ ಬೇಕು, ಏಳು ಲೈಫ್ ಜಾಕೆಟ್ ಬೇಕು. ವಾರಕ್ಕೆ ನಾಲ್ಕು ದಿನ ಪಾಠ ಮಾಡಲು ನಾನು ಸಿದ್ಧ. ಮಸೀದಿಯ ಪಕ್ಕದ ಹಳೆಯ ಮಕ್ತಬ್ ಕಟ್ಟಡ ಖಾಲಿ ಇದೆ. ಅದರ ಬೀಗದ ಕೈ ಯಾರ ಬಳಿ ಇದೆ ಎಂದು ಇಂದು ಊಟಕ್ಕೆ ಮೊದಲು ಯಾರಾದರೂ ಹೇಳಿದರೆ ಸಾಕು.