ವಾರಕ್ಕೆರಡು ಸಂಜೆಯ ಜುಜುತ್ಸು



ಯಾವುದಾದರೊಂದು ಹೊಸ ವಿದ್ಯೆಯನ್ನು ಕಲಿಯಬೇಕೆಂಬ ಆಸೆ ನಮ್ಮಲ್ಲಿ ಬಹುಮಂದಿಗೆ ಉಂಟು. ಕಲಿಯದೆ ಉಳಿದುದಕ್ಕೆ ಅವರು ಕೊಡುವ ಕಾರಣವೂ ಬಹುಮಟ್ಟಿಗೆ ಒಂದೇ: ವ್ಯವಧಾನವಿಲ್ಲ. ಈ ಮಾತು ಸುಳ್ಳೆಂದು ನಾನು ಹೇಳಲಾರೆ. ಕಚೇರಿ, ಸಂಸಾರ, ಮಕ್ಕಳ ಪಾಠ, ನೆಂಟರಿಷ್ಟರ ಮದುವೆ ಮುಂಜಿಗಳು, ಇವೆಲ್ಲ ತಮ್ಮ ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ ನನಗೆ ಉಳಿದದ್ದು ವಾರಕ್ಕೆ ಎರಡು ಸಂಜೆ. ಒಂದೊಂದು ಸಂಜೆಗೆ ಒಂದೂವರೆ ಗಂಟೆ. ಎಂದರೆ ವಾರದ 168 ಗಂಟೆಗಳಲ್ಲಿ ಮೂರು. ನಲವತ್ತೊಂದನೆಯ ವಯಸ್ಸಿನಲ್ಲಿ ಈ ಮೂರು ಗಂಟೆಗಳ ಬಂಡವಾಳದೊಡನೆ ನಾನು ಜುಜುತ್ಸು ಕಲಿಯಲು ಹೊರಟೆ. ಇಷ್ಟು ಅಲ್ಪಕಾಲದಲ್ಲಿ ಅಷ್ಟು ದೊಡ್ಡ ವಿದ್ಯೆಯಲ್ಲಿ ಮುಂದುವರಿಯುವುದು ಸಾಧ್ಯವೆ, ಸಾಧ್ಯವಾದರೆ ಹೇಗೆ, ಎಂಬುದೇ ಈ ಸಂಜೆಯ ನನ್ನ ವಿಷಯ. ನಾನು ಇದರಲ್ಲಿ ಪಂಡಿತನಲ್ಲ. ಐದು ವರ್ಷಗಳ ವಿದ್ಯಾರ್ಥಿ. ಎಡವಿದವನಿಗೆ ದಾರಿಯ ಕಲ್ಲುಗಳ ಗುರುತಿರುತ್ತದೆಯಷ್ಟೆ. ಅದೇ ನನ್ನ ಅರ್ಹತೆ.

ಜಪಾನೀ ಭಾಷೆಯಲ್ಲಿ ‘ಜು’ ಎಂದರೆ ಮೃದು, ಬಾಗುವಂಥದು. ‘ಜುತ್ಸು’ ಎಂದರೆ ಕಲೆ. ಎದುರಾಳಿಯ ಬಲಕ್ಕೆ ಬಲವನ್ನೇ ಒಡ್ಡದೆ, ಅದಕ್ಕೆ ಎಡೆಗೊಟ್ಟು, ಅದರಿಂದಲೇ ಅವನನ್ನು ಕೆಡಹುವ ಉಪಾಯಗಳ ಸಮೂಹ ಈ ವಿದ್ಯೆ. ಆ ದೇಶದಲ್ಲಿ ಇದಕ್ಕೆ ಹಲವು ಸಂಪ್ರದಾಯಗಳಿದ್ದುವು. 1882ರಲ್ಲಿ, ಇನ್ನೂ ಇಪ್ಪತ್ತೆರಡು ತುಂಬದ ಕಾನೊ ಜಿಗೊರೊ ಎಂಬ ತರುಣನು ಟೋಕಿಯೋ ನಗರದ ಏಶೋಜಿ ಎಂಬ ಬೌದ್ಧ ದೇವಾಲಯದಲ್ಲಿ, ಹನ್ನೆರಡು ಚಾಪೆಗಳು ಹಿಡಿಸುವಷ್ಟು ಜಾಗದಲ್ಲಿ, ಕೊಡೊಕಾನ್ ಎಂಬ ಶಾಲೆಯನ್ನು ತೆರೆದನು. ಹಳೆಯ ಪಟ್ಟುಗಳನ್ನು ಶೋಧಿಸಿ ತನ್ನ ಪದ್ಧತಿಗೆ ಜೂಡೋ ಎಂದು ಹೆಸರಿಟ್ಟನು. ಆ ಶಾಲೆಯ ಮಲ್ಲನಾದ ಮಾಯೆದಾ ಮಿತ್ಸುಯೊ ಎಂಬಾತನು ದೇಶದೇಶಗಳನ್ನು ಸುತ್ತಿ 1914ರಲ್ಲಿ ಬ್ರೆಜಿಲನ್ನು ಸೇರಿದನು. ಆತ ಅಲ್ಲಿ ಬಿತ್ತಿದ ವಿದ್ಯೆಯು ಗ್ರೇಸಿ ಎಂಬ ಮನೆತನದವರ ಕೈಯಲ್ಲಿ ಬೆಳೆದು, ನೆಲದ ಮೇಲಿನ ಹೋರಾಟಕ್ಕೇ ಹೆಚ್ಚು ಗಮನ ಕೊಡುವ ಬ್ರೆಜಿಲಿನ ಜುಜುತ್ಸು ಆಯಿತು. ನಾನು ಕಲಿಯುತ್ತಿರುವುದು ಇದನ್ನೇ. ನಮ್ಮ ದೇಶಕ್ಕೂ ಈ ವಿದ್ಯೆ ತೀರ ಅಪರಿಚಿತವಲ್ಲ. 1929ರಲ್ಲಿ ರವೀಂದ್ರನಾಥ ಠಾಕೂರರ ಆಹ್ವಾನದ ಮೇಲೆ ತಕಾಗಾಕಿ ಶಿಂಜೊ ಎಂಬ ಗುರುವು ಶಾಂತಿನಿಕೇತನಕ್ಕೆ ಬಂದು ಅಲ್ಲಿನ ಹುಡುಗರಿಗೂ ಹುಡುಗಿಯರಿಗೂ ಜೂಡೋ ಕಲಿಸಿದ್ದುಂಟು.

ಮೈಸೂರಿನ ಗರಡಿಗಳನ್ನು ಬಲ್ಲವರಿಗೆ ಒಂದು ಭೇದ ಕೂಡಲೇ ಕಾಣುತ್ತದೆ. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಆಟ ಮುಗಿಯಿತು. ಜುಜುತ್ಸುವಿನಲ್ಲಿ ಬೆನ್ನು ಚಾಪೆಗೆ ತಾಗಿದ ಮೇಲೆಯೇ ನಿಜವಾದ ಕೆಲಸಕ್ಕೆ ಆರಂಭ. ಕೆಳಗೆ ಬಿದ್ದವನು ಕಾಲುಗಳಿಂದ ಎದುರಾಳಿಯನ್ನು ತಡೆಯುತ್ತಾನೆ, ಉರುಳಿಸುತ್ತಾನೆ; ಮೊಣಕೈಯ ಕೀಲನ್ನು ಹಿಡಿದು ಎದುರುಮುಖವಾಗಿ ಒತ್ತುತ್ತಾನೆ; ಅಂಗಿಯ ಕೊರಳಪಟ್ಟಿಯಿಂದಲೇ ಕತ್ತನ್ನು ಬಿಗಿಯುತ್ತಾನೆ. ಸಿಕ್ಕಿಬಿದ್ದವನು ಕೈಯಿಂದ ಎದುರಾಳಿಯ ಮೈಯನ್ನೋ ಚಾಪೆಯನ್ನೋ ತಟ್ಟಿದರೆ ಸಾಕು. ಆ ಕ್ಷಣವೇ ಹಿಡಿತ ಬಿಡತಕ್ಕದ್ದು. ಇದು ಈ ವಿದ್ಯೆಯ ಧರ್ಮ. ಇನ್ನೊಂದು ಭೇದ ವಿದ್ಯೆಯದಲ್ಲ, ನನ್ನದು. ಗರಡಿಯ ಪೈಲ್ವಾನನು ಬೆಳಗಿನ ಜಾವಕ್ಕೆ ಎದ್ದು ದಿನದಿನವೂ ಸಾಮು ಮಾಡುತ್ತಾನೆ. ಅವನ ಮೈಯೇ ಅವನ ವೃತ್ತಿ. ನನ್ನ ಮೈ ಹಗಲೆಲ್ಲ ಕುರ್ಚಿಗೆ ಮೀಸಲು.

ಮೊದಲನೆಯ ವರ್ಷ ನಾನು ಮಾಡಿದ್ದು ಹಸಿದವನು ಮದುವೆಯ ಊಟದಲ್ಲಿ ಮಾಡುವ ಕೆಲಸ. ಬಡಿಸಿದ್ದನ್ನೆಲ್ಲ ಎಲೆಗೆ ಹಾಕಿಸಿಕೊಂಡೆ. ಗುರುಗಳು ಸಂಜೆಗೊಂದು ಪಟ್ಟು ತೋರಿಸುತ್ತಿದ್ದರು. ನಾನು ಮನೆಗೆ ಬಂದು ಅದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ವರ್ಷ ಮುಗಿಯುವ ಹೊತ್ತಿಗೆ ಅರವತ್ತನಾಲ್ಕು ಪಟ್ಟುಗಳು ಸೇರಿದುವು. ಆದರೆ ಚಾಪೆಯ ಮೇಲೆ ಎದುರಾಳಿಯ ಭಾರ ಬಿದ್ದೊಡನೆಯೇ ಆ ಅರವತ್ತನಾಲ್ಕರಲ್ಲಿ ಒಂದಾದರೂ ನೆರವಿಗೆ ಬರುತ್ತಿರಲಿಲ್ಲ. ಎಲ್ಲವೂ ಬಾಯಲ್ಲಿದ್ದುವು, ಒಂದೂ ಕೈಯಲ್ಲಿರಲಿಲ್ಲ. ವಾರಕ್ಕೆ ಐದಾರು ದಿನ ಬರುವ ತರುಣರು ನನ್ನ ಅನಂತರ ಸೇರಿ ನನ್ನನ್ನು ದಾಟಿ ಹೋದರು. ಬಿಟ್ಟುಬಿಡೋಣವೆ ಎಂಬ ಆಲೋಚನೆ ಮೊದಲು ಬಂದದ್ದು ಆಗ.

ಆ ಸಮಯದಲ್ಲಿ ಕಾನೊವಿನ ವಿದ್ಯಾರ್ಥಿದೆಸೆಯ ಒಂದು ಪ್ರಸಂಗವನ್ನು ಓದಿದೆ. 1877ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಆತನು ಫುಕುದಾ ಹಚಿನೊಸುಕೆ ಎಂಬ ಗುರುವಿನಲ್ಲಿ ಜುಜುತ್ಸು ಕಲಿಯಲು ಸೇರಿದನು. ಕಾನೊವಿನದು ಸಣ್ಣ ಮೈಕಟ್ಟು. ಅದೇ ಶಾಲೆಯಲ್ಲಿ ಫುಕುಶಿಮಾ ಕನೆಕಿಚಿ ಎಂಬ ಭಾರಿ ಆಳೊಬ್ಬನಿದ್ದನು. ಕಾನೊ ಅವನೆದುರಿಗೆ ಸೋಲುತ್ತಲೇ ಇದ್ದನು. ಈ ಒಬ್ಬನನ್ನು ಕೆಡಹುವುದು ಹೇಗೆ? ಆತ ಮೊದಲು ಸುಮೋ ಕುಸ್ತಿಯ ಉಪಾಯಗಳನ್ನು ತಿಳಿದು ಪ್ರಯೋಗಿಸಿದನು, ಫಲಿಸಲಿಲ್ಲ. ಪುಸ್ತಕಭಂಡಾರಕ್ಕೆ ಹೋಗಿ ಪಾಶ್ಚಾತ್ಯರ ಕುಸ್ತಿಯ ಗ್ರಂಥಗಳನ್ನು ಹುಡುಕಿದನು. ಎದುರಾಳಿಯ ಕೆಳಗೆ ನುಸುಳಿ ಅವನನ್ನು ಹೆಗಲ ಮೇಲೆ ಅಡ್ಡಲಾಗಿ ಎತ್ತಿ ಕೆಡಹುವ ಕ್ರಮ ಅಲ್ಲಿ ದೊರೆಯಿತು. ಅದನ್ನು ಅಭ್ಯಾಸಮಾಡಿ ಕೊನೆಗೊಂದು ದಿನ ಫುಕುಶಿಮಾನನ್ನು ಕೆಡಹಿದನು. ಜೂಡೋದಲ್ಲಿ ಅದು ‘ಕಾತಾ ಗುರುಮಾ’, ಎಂದರೆ ಹೆಗಲ ಚಕ್ರ, ಎಂಬ ಹೆಸರಿನಿಂದ ಇಂದಿಗೂ ಉಳಿದಿದೆ.

ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೆಲುವಲ್ಲ. ಕಾನೊ ಶಾಲೆಗೆ ಹೋಗುವಾಗ ಒಂದು ಪ್ರಶ್ನೆಯನ್ನು ಕೊಂಡೊಯ್ಯುತ್ತಿದ್ದನು. ಬರುವಾಗ ಅದನ್ನು ಹೊತ್ತೇ ಬರುತ್ತಿದ್ದನು. ಹೀಗಾಗಿ ಚಾಪೆಯ ಮೇಲಿಲ್ಲದ ಹೊತ್ತೂ ಅವನಿಗೆ ಅಭ್ಯಾಸದ ಹೊತ್ತೇ ಆಯಿತು. ನಾನೂ ಅರವತ್ತನಾಲ್ಕು ಪಟ್ಟುಗಳ ಪುಸ್ತಕವನ್ನು ಮುಚ್ಚಿ ನನ್ನನ್ನೇ ಕೇಳಿಕೊಂಡೆ: ನಾನು ಪದೇ ಪದೇ ಸೋಲುತ್ತಿರುವುದು ಎಲ್ಲಿ? ಉತ್ತರ ಸುಲಭವಾಗಿತ್ತು. ಎದುರಾಳಿಯು ಕುದುರೆಯ ಸವಾರನಂತೆ ನನ್ನ ಎದೆಯ ಮೇಲೆ ಕುಳಿತಾಗ.

ಅದರಿಂದ ಬಿಡಿಸಿಕೊಳ್ಳುವುದಕ್ಕೆ ಮುಖ್ಯವಾದ ಉಪಾಯಗಳು ಎರಡು. ಮೊದಲನೆಯದು, ಎದುರಾಳಿಯ ಒಂದು ಕೈಯನ್ನೂ ಅದೇ ಪಕ್ಕದ ಪಾದವನ್ನೂ ಕದಲದಂತೆ ಹಿಡಿದು, ಸೊಂಟವನ್ನು ಸೇತುವೆಯಂತೆ ಮೇಲಕ್ಕೆತ್ತಿ, ಆ ಪಕ್ಕಕ್ಕೇ ಅವನನ್ನು ಉರುಳಿಸುವುದು. ಊರಿಕೊಳ್ಳುವುದಕ್ಕೆ ಅವನಿಗೆ ಆ ಕಡೆ ಕೈಕಾಲು ಇರುವುದಿಲ್ಲ. ಎರಡನೆಯದು, ಪಕ್ಕಕ್ಕೆ ಹೊರಳಿ, ಸೊಂಟವನ್ನು ಹಿಂದಕ್ಕೆ ಸರಿಸುತ್ತ, ಮೊಣಕೈಯಿಂದ ಅವನ ಮೊಣಕಾಲನ್ನು ತಳ್ಳಿ, ಆ ಸಂದಿನಲ್ಲಿ ನಮ್ಮ ಮೊಣಕಾಲನ್ನು ಒಳಕ್ಕೆ ತರುವುದು. ಒಂದು ಇನ್ನೊಂದಕ್ಕೆ ಸಹಾಯಕ. ಉರುಳಿಸುವರೆಂದು ಹೆದರಿ ಅವನು ಕೈಯೂರಿ ಭಾರ ಬದಲಾಯಿಸಿದರೆ ಸಂದು ತಾನಾಗಿಯೇ ತೆರೆಯುತ್ತದೆ. ಮುಂದಿನ ನಾಲ್ಕು ತಿಂಗಳು ನನಗೆ ಇದೇ ಪಾಠ. ಜೊತೆಗಾರರನ್ನು ಬೇಡಿಕೊಂಡು, ಆಟದ ಆರಂಭದಲ್ಲಿಯೇ ಅವರನ್ನು ಎದೆಯ ಮೇಲೆ ಕೂರಿಸಿಕೊಳ್ಳುತ್ತಿದ್ದೆ. ಬಿಡಿಸಿಕೊಂಡರೆ ಮತ್ತೆ ಕೂರಿಸುವುದು, ಸೋತರೆ ಮತ್ತೆ ಕೂರಿಸುವುದು. ಹಿಂದೆ ಒಂದು ಸಂಜೆಯಲ್ಲಿ ಎರಡು ಸಲ ಒದಗುತ್ತಿದ್ದ ಸಂದರ್ಭ ಈಗ ಇಪ್ಪತ್ತು ಸಲ ಒದಗಿತು. ಹೊತ್ತು ಕಡಮೆಯಿರುವವನಿಗೆ ಇದಕ್ಕಿಂತ ಲಾಭದ ವ್ಯಾಪಾರ ಬೇರೆ ಇಲ್ಲವೆಂದು ನನ್ನ ಅನುಭವ.

ಇರುವ ಹೊತ್ತನ್ನು ಹಂಚಿಕೊಳ್ಳುವ ರೀತಿಯೂ ವಿಚಾರಣೀಯ. ಇಂಗ್ಲೆಂಡಿನ ಅಂಚೆಯ ನೌಕರರಿಗೆ ಬೆರಳಚ್ಚು ಕಲಿಸಿದಾಗ ನಡೆದ ಒಂದು ಪರೀಕ್ಷೆಯ ವಿವರ 1978ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೇ ಗಂಟೆ ಅಭ್ಯಾಸಮಾಡಿದವರು, ದಿನಕ್ಕೆ ನಾಲ್ಕು ಗಂಟೆ ಮಾಡಿದವರಿಗಿಂತ ಒಟ್ಟು ಕಡಮೆ ಗಂಟೆಗಳಲ್ಲಿ ಕಲಿತರು. ವಿನೋದವೇನೆಂದರೆ, ಹೆಚ್ಚು ದಿನ ಹಿಡಿದುದರಿಂದ ಈ ಒಂದು ಗಂಟೆಯವರಿಗೇ ಎಲ್ಲರಿಗಿಂತ ಅಸಮಾಧಾನ! ಆದ್ದರಿಂದ ಶನಿವಾರ ಭಾನುವಾರಗಳೆರಡನ್ನೂ ಒಟ್ಟಿಗೆ ಕಳೆಯುತ್ತಿದ್ದ ನಾನು ಮಂಗಳವಾರ ಶುಕ್ರವಾರಗಳಿಗೆ ಬದಲಾಯಿಸಿದೆ. 1979ರ ಇನ್ನೊಂದು ಪರೀಕ್ಷೆಯಲ್ಲಿ, ಕೈಯ ಕೆಲವು ಚಲನೆಗಳನ್ನು ಒಂದೊಂದಾಗಿ ಮುಗಿಸುತ್ತ ಕಲಿತವರಿಗಿಂತ, ಅವನ್ನೇ ಕಲಸುಮೇಲೋಗರವಾಗಿ ಕಲಿತವರು ಹತ್ತು ದಿನಗಳ ಮೇಲೆ ಚೆನ್ನಾಗಿ ನೆನಪಿಟ್ಟಿದ್ದರು. ಅಭ್ಯಾಸದ ಹೊತ್ತಿನಲ್ಲಿ ಮಾತ್ರ ಇವರೇ ಹಿಂದೆ ಬಿದ್ದವರಂತೆ ಕಂಡಿದ್ದರು. ಇದರ ತಾತ್ಪರ್ಯ: ಪಟ್ಟುಗಳು ಕೆಲವೇ ಇರಲಿ, ಆದರೆ ಆ ಕೆಲವನ್ನು ಒಂದರ ಬೆನ್ನಿಗೆ ಇನ್ನೊಂದರಂತೆ ಅದಲುಬದಲಾಗಿ ಮಾಡಬೇಕು. ಸುಲಭವಾಗಿ ಸಾಗಿದ ಸಂಜೆಯೇ ಚೆನ್ನಾಗಿ ಕಲಿತ ಸಂಜೆಯಲ್ಲ.

ಮನೆಯಲ್ಲಿ ಮಾಡಬಹುದಾದದ್ದೂ ಕೊಂಚ ಇದೆ. ಸಂಜೆಯ ಅಭ್ಯಾಸದಿಂದ ಬಂದ ಮೇಲೆ ಮೂರು ಸಾಲು ಬರೆಯುತ್ತೇನೆ: ಎಲ್ಲಿ ಸಿಕ್ಕಿಬಿದ್ದೆ, ಏನು ಮಾಡಿದೆ, ಮುಂದಿನ ಸಲ ಏನು ಮಾಡಿ ನೋಡಬೇಕು. ಮುಂದಿನ ಅಭ್ಯಾಸಕ್ಕೆ ಹೊರಡುವ ಮುನ್ನ ಮೂರನೆಯ ಸಾಲನ್ನು ಮಾತ್ರ ಓದುತ್ತೇನೆ. ಬೆಳಿಗ್ಗೆ ಹತ್ತು ನಿಮಿಷ ನಡುಮನೆಯ ಜಮಖಾನೆಯ ಮೇಲೆ ಅಂಗಾತ ಮಲಗಿ ಸೊಂಟ ಸರಿಸುತ್ತ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗುತ್ತೇನೆ. ಜಪಾನಿನವರು ಈ ಚಲನೆಗೆ ಸೀಗಡಿಯ ಹೆಸರಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ. ಅವನ್ನು ಇಲ್ಲಿ ಹೇಳುವುದು ಬೇಡ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಎರಡನೆಯ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ, ನನ್ನ ಅರ್ಧ ವಯಸ್ಸಿನ ಹುಡುಗನೊಬ್ಬನು ನನ್ನ ಮೊಣಕೈಯನ್ನು ಹಿಡಿದನು. ಹಿಡಿತ ಸರಿಯಾಗಿಯೇ ಇತ್ತು. ಅವನು ಮೆಲ್ಲಗೆ ಒತ್ತುತ್ತ, “ಸಾರ್, ತಟ್ಟಿ,” ಎಂದನು. ಆ ಸಂಜೆ ನಾನು ಅದಾಗಲೇ ಮೂರು ಸಲ ತಟ್ಟಿದ್ದೆ. ನಾಲ್ಕನೆಯ ಸಲಕ್ಕೆ ಕೈ ಮೇಲೇಳಲಿಲ್ಲ. ಎಳೆದುಕೊಂಡುಬಿಡುತ್ತೇನೆಂದು ಮೈಯನ್ನು ತಿರುಗಿಸಿದೆ. ಮೊಣಕೈಯೊಳಗಿಂದ ಒಂದು ಸಣ್ಣ ಸದ್ದು ಕೇಳಿಸಿತು. ಹುಡುಗನ ಮುಖ ನನ್ನದಕ್ಕಿಂತ ಹೆಚ್ಚಾಗಿ ಬಿಳಿಚಿಕೊಂಡಿತು. ತಪ್ಪು ಅವನದಲ್ಲ, ಪೂರ್ತಿಯಾಗಿ ನನ್ನದು. ವೈದ್ಯರು ಅಭ್ಯಾಸ ನಿಲ್ಲಿಸೆಂದರು. ಹನ್ನೊಂದು ವಾರ, ಎಂದರೆ ಇಪ್ಪತ್ತೆರಡು ಸಂಜೆಗಳು. ಕಚೇರಿಯಲ್ಲಿ ಎಡಗೈಯಿಂದ ರುಜು ಮಾಡುವಾಗ ಕೇಳಿದವರಿಗೆಲ್ಲ ಮೆಟ್ಟಿಲಿಂದ ಬಿದ್ದೆನೆಂದು ಹೇಳಿದೆ. ಮನೆಯಲ್ಲಿ ಆ ಸುಳ್ಳು ನಡೆಯಲಿಲ್ಲ. “ನಿಮಗೆ ಸಂಜೆಗಳು ಬೇಕಾದರೆ ತೆಗೆದುಕೊಳ್ಳಿ, ಕೈ ಮುರಿದುಕೊಂಡು ಬಂದರೆ ಆ ಸಂಜೆಗಳ ಜೊತೆಗೆ ನನ್ನ ಹಗಲುಗಳೂ ಹೋಗುತ್ತವೆ,” ಎಂದಳು ನನ್ನ ಹೆಂಡತಿ. ಆ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ.

ಆ ಹನ್ನೊಂದು ವಾರಗಳಲ್ಲಿ ಎರಡನೆಯ ಸಲ ಬಿಟ್ಟುಬಿಡುವ ಮನಸ್ಸಾಯಿತು. ಕೈ ವಾಸಿಯಾದ ಮೇಲೆ, ಬಿಡುತ್ತೇನೆಂದು ಹೇಳಿಬರುವುದಕ್ಕಾಗಿಯೇ ಶಾಲೆಗೆ ಹೋದೆ. ನನಗಿಂತ ಹತ್ತು ವರ್ಷ ಚಿಕ್ಕವರಾದ ಗುರುಗಳು ಸಮಾಧಾನದಿಂದ ಕೇಳಿ, “ರಾಯರೇ, ದಿನವೂ ಬರುವವನು ತಡವಾಗಿ ತಟ್ಟಿದರೆ ಅವನಿಗೆ ಸ್ವಲ್ಪ ನಷ್ಟ. ನಿಮಗೆ ಅದು ದಿವಾಳಿ. ನೀವು ಎಲ್ಲರಿಗಿಂತ ಮೊದಲೇ ತಟ್ಟುವುದನ್ನು ಕಲಿಯಿರಿ,” ಎಂದರು. ಆ ಮಾತಿನ ಮೇಲೆ ಉಳಿದೆ. ಅಂದಿನಿಂದ ಹಿಡಿತ ಕೂಡಿತೆಂದು ತಿಳಿದೊಡನೆಯೇ, ನೋವು ಬರುವುದಕ್ಕೆ ಮುಂಚೆಯೇ, ತಟ್ಟುತ್ತೇನೆ. ಬಲಿಷ್ಠರೊಡನೆ ಆಡುವಾಗ ತಪ್ಪಿಸಿಕೊಳ್ಳುವುದನ್ನಷ್ಟೇ ಅಭ್ಯಾಸಮಾಡುತ್ತೇನೆ. ಹೊಸ ಪಟ್ಟನ್ನು ಹೊಸಬರೊಡನೆ ಪರೀಕ್ಷಿಸುತ್ತೇನೆ. ಆಮೇಲಿನ ಮೂರು ವರ್ಷಗಳಲ್ಲಿ ಪೆಟ್ಟಿನಿಂದಾಗಿ ನಾನು ಕಳೆದುಕೊಂಡ ಸಂಜೆ ಒಂದೂ ಇಲ್ಲ. ನನ್ನ ಪ್ರಗತಿಯಲ್ಲಿ ಬಹುಭಾಗ ಇಷ್ಟರಿಂದಲೇ ಆದುದೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಈ ವಿದ್ಯೆಯಲ್ಲಿ ಬಿಳಿ, ನೀಲಿ, ನೇರಿಳೆ, ಕಂದು, ಕಪ್ಪು ಎಂದು ನಡುಪಟ್ಟಿಗಳ ಕ್ರಮವಿದೆ. ಶ್ರದ್ಧೆಯಿಂದ ಕಲಿಯುವವರಿಗೂ ಕಪ್ಪು ಪಟ್ಟಿ ಸಾಮಾನ್ಯವಾಗಿ ಹತ್ತು ವರ್ಷದ ಮಾತು. ನನ್ನಂಥವನಿಗೆ ಎಷ್ಟು ವರ್ಷವೆಂದು ಲೆಕ್ಕ ಹಾಕುವುದನ್ನು ನಿಲ್ಲಿಸಿದ್ದೇನೆ. ದಿನವೂ ಬರುವ ತರುಣನೊಡನೆ ಹೋಲಿಸಿಕೊಂಡರೆ ನನಗೆ ಉಳಿಯುವುದು ಅಸೂಯೆ. ಕಳೆದ ವರ್ಷದ ನನ್ನೊಡನೆ ಹೋಲಿಸಿಕೊಂಡರೆ ತಿಳಿಯುವುದು ಏನಾದರೂ ಉಂಟು. ಕಳೆದ ತಿಂಗಳು, ಅಂದು ನನ್ನ ಮೊಣಕೈ ಹಿಡಿದಿದ್ದ ಅದೇ ಹುಡುಗ ನನ್ನ ಎದೆಯ ಮೇಲೆ ಕುಳಿತನು. ನಾನು ಏನನ್ನೂ ಯೋಚಿಸಲಿಲ್ಲ. ಸೊಂಟ ತಾನಾಗಿ ಸರಿಯಿತು, ಮೊಣಕೈ ತನ್ನ ಸ್ಥಳವನ್ನು ತಾನೇ ಹುಡುಕಿಕೊಂಡಿತು, ಮೊಣಕಾಲು ಒಳಗೆ ಬಂದಿತು. ಅವನು ನಕ್ಕು, “ಚೆನ್ನಾಗಿತ್ತು ಸಾರ್,” ಎಂದನು. ಒಂದು ನಿಮಿಷದೊಳಗೆ ನನ್ನ ಕತ್ತನ್ನು ಬಿಗಿದನೆಂಬುದನ್ನೂ ಸತ್ಯಕ್ಕಾಗಿ ಹೇಳಬೇಕು. ನಾನು ಬೇಗನೆ ತಟ್ಟಿದೆ.

ಕಾನೊ ಕೊಡೊಕಾನನ್ನು ತೆರೆದ ವರ್ಷವೇ ಒಂದು ಪಾಠಶಾಲೆಯಲ್ಲಿ ಅಧ್ಯಾಪಕನಾಗಿ ಸೇರಿದನು. ಮುಂದೆ ಬಹುಕಾಲ ಟೋಕಿಯೋದ ಉನ್ನತ ಉಪಾಧ್ಯಾಯರ ಶಾಲೆಗೆ ಮುಖ್ಯನಾಗಿದ್ದನು. ಆತನೂ ನಮ್ಮಂತೆ ಉದ್ಯೋಗವುಳ್ಳ ಗೃಹಸ್ಥ. ಇರುವ ಶಕ್ತಿಯನ್ನು ಅತ್ಯಂತ ಸಾರ್ಥಕವಾಗಿ ಬಳಸಬೇಕೆಂಬುದು ಆತ ತನ್ನ ವಿದ್ಯೆಗೆ ಇಟ್ಟ ಮೂಲಸೂತ್ರ. ಶಕ್ತಿಯ ವಿಷಯದಲ್ಲಿ ಆತ ಹೇಳಿದ್ದನ್ನು ಹೊತ್ತಿನ ವಿಷಯಕ್ಕೂ ಹೇಳಬಹುದೆಂದು ನನ್ನ ನಂಬಿಕೆ. ನಿಮ್ಮ ಮನಸ್ಸಿನಲ್ಲಿರುವ ವಿದ್ಯೆ ಜುಜುತ್ಸುವಾಗಿರಬೇಕಾಗಿಲ್ಲ. ಗೋಡೆಗೆ ಒರಗಿಸಿಟ್ಟ ವೀಣೆಯಾಗಿರಬಹುದು, ಅರ್ಧಕ್ಕೆ ನಿಂತ ಸಂಸ್ಕೃತವಾಗಿರಬಹುದು. ವಾರಕ್ಕೆರಡು ಸಂಜೆ ಇವೆಯೆ? ಹೋಗುವಾಗ ಒಂದು ಪ್ರಶ್ನೆಯನ್ನು ಕೊಂಡೊಯ್ಯಿರಿ, ಮೈಯನ್ನು ಕಾಪಾಡಿಕೊಳ್ಳಿರಿ, ಮುಂದಿನ ಮಂಗಳವಾರ ಮತ್ತೆ ಹೋಗಿರಿ.