ಊರಿಗೆ ಹೊರಟ ಕುಟುಂಬ
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಈ ಹಬ್ಬದಂದು ನಾವು ಈಜಿಪ್ಟಿಗೆ ಓಡಿದ ಮರಿಯಮ್ಮ, ಜೋಸೆಫರನ್ನು ನೆನೆಯುತ್ತೇವೆ. ಅವರು ತಾಯ್ನಾಡಿಗೆ ಮರಳಿದ್ದನ್ನು ಅಷ್ಟಾಗಿ ಧ್ಯಾನಿಸುವುದಿಲ್ಲ. ಹೆರೋದ ಸತ್ತನೆಂದು ಹೊರಟರೂ, ಅವನ ಮಗನ ಭಯದಿಂದ ಜುದೇಯ ಬಿಟ್ಟು ಗಲಿಲೇಯದ ನಜರೇತಿಗೆ ಹೋಗಬೇಕಾಯಿತು.

1894ರಲ್ಲಿ ನಮಗೆ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲರು ಬಾಸೆಲ್ ಮಿಷನ್ನಿನವರು. ಆ ಸಭೆ ನಮ್ಮದಲ್ಲ. ಆದರೂ ಅವರ ಮಿಷನರಿ ಕುಟುಂಬಗಳ ಕಷ್ಟ ನಮಗೆ ಅರ್ಥವಾಗುವಂಥದು. ಮಂಗಳೂರು, ತಲಶ್ಶೇರಿಗಳಿಂದ ಊರಿಗೆ ಹೊರಡಬೇಕೆಂದರೆ ಸೆಕೆಯಲ್ಲಿ ಕೂತು ಚಳಿಯ ಬಟ್ಟೆ ಜೋಡಿಸಬೇಕು. ಶಾಲೆ, ಲೆಕ್ಕಪತ್ರ ಇನ್ನೊಬ್ಬರಿಗೆ ಒಪ್ಪಿಸಬೇಕು. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವ ಮೊದಲು ಆಫ್ರಿಕಾ ಸುತ್ತುವ ಹಡಗಿಗೆ ತಿಂಗಳುಗಳೇ ಹಿಡಿಯುತ್ತಿದ್ದವು. ಇದೆಲ್ಲ ಹೇಗೋ ಆಗುತ್ತಿತ್ತು. ಆದರೆ ರಜೆ ಮುಗಿಸಿ ಭಾರತಕ್ಕೆ ಬರುವಾಗ ಮಕ್ಕಳನ್ನು ಅಲ್ಲೇ ಬಿಟ್ಟುಬರುತ್ತಿದ್ದರು. ಅಂಥವರಿಗಾಗಿ 1853ರಲ್ಲಿ ಬಾಸೆಲಿನಲ್ಲಿ ಒಂದು ಮಕ್ಕಳ ಮನೆಯೇ ಆರಂಭವಾಯಿತು. ಹೆರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಎಳೆಯ ಮಗುವಾಗಿ ಹೋದವಳು ಭಾರತಕ್ಕೆ ಮರಳಿದ್ದು 1857ರಲ್ಲಿ. ತಾಯಿ ಬಿಟ್ಟುಬಂದದ್ದು ಮಗುವನ್ನು, ಸಿಕ್ಕಿದ್ದು ಹದಿನೈದರ ಹುಡುಗಿ. ತ್ಯಾಗವೆಂದು ನಾವು ಹೊಗಳುತ್ತೇವೆ, ಸರಿ. ಮಗುವನ್ನು ಕೇಳಿದವರು ಯಾರು?

ನಮ್ಮ ದಂಡೋತಿ, ಚಿತ್ತಾಪುರ, ಸೇಡಂ ಕಡೆಯವರೂ ಹೈದರಾಬಾದು, ಮುಂಬೈಗೆ ಗುಳೆ ಹೋಗುತ್ತಾರೆ. ಮಕ್ಕಳು ಮುತ್ಯಾ, ಆಯಿಯ ಬಳಿ ಉಳಿಯುತ್ತಾರೆ. ಹಬ್ಬಕ್ಕೆ ಬಂದವರು, ಮಗು ಮೊದಲೆರಡು ದಿನ ಹತ್ತಿರ ಬರಲಿಲ್ಲವೆಂದು ಬೇಸರಪಡದಿರಲಿ. ಮತ್ತೆ ಹೊರಡುವಾಗ, ಅತ್ತೀತೆಂದು, ನಿದ್ದೆಯಲ್ಲೇ ಬಿಟ್ಟುಹೋಗದಿರಲಿ. ಎಬ್ಬಿಸಿ, ಎಂದು ಬರುತ್ತೇವೆಂದು ಹೇಳಿ, ಹಣೆಗೆ ಶಿಲುಬೆಯ ಗುರುತು ಹಾಕಿ ಬಸ್ಸು ಹತ್ತಲಿ.